ಹಳೆಯ ಚಿತ್ರಮಂದಿರವನ್ನು ಯಾವ ಕಾಲಕ್ಕೆ ಮರಳಿಸಬೇಕು?

ಹಳೆಯ ಕಟ್ಟಡಗಳ ಜೀರ್ಣೋದ್ಧಾರ ನನ್ನ ವೃತ್ತಿ. ಸಣ್ಣ ನಗರವೊಂದರ ಚಿತ್ರಮಂದಿರದ ಕೆಲಸವನ್ನು ಒಪ್ಪಿಕೊಂಡಾಗ, ಮಾಲೀಕರಿಂದ ದಾನಿಗಳವರೆಗೆ ಎಲ್ಲರೂ ಅದು ಮೊದಲಿದ್ದಂತೆಯೇ ಆಗಬೇಕೆಂದು ಬಯಸಿದರು. ಆದರೆ ಚಿತ್ರಮಂದಿರವು ಒಮ್ಮೆ ಕಟ್ಟಿ ಮುಗಿಸಿದ ಕಟ್ಟಡವಲ್ಲ. ಸಿನಿಮಾದ ತಂತ್ರ ಬದಲಾದಾಗಲೆಲ್ಲ ಅದರ ಒಳಮೈಯೂ ಬದಲಾಗುತ್ತ ಬಂದಿರುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ವಾದ್ಯಗಾರರಿಗಾಗಿ ತೆರೆಯ ಮುಂದೆ ಬಿಟ್ಟಿದ್ದ ತಗ್ಗು, 1927ರ ನಂತರ ಮಾತಿನ ಚಿತ್ರಗಳು ಹರಡಿದಂತೆ ಅನೇಕ ಕಡೆ ಮುಚ್ಚಿಹೋಯಿತು, ಪ್ರತಿಧ್ವನಿಯನ್ನು ತಗ್ಗಿಸಲು ಗೋಡೆಗಳಿಗೆ ಬಟ್ಟೆ ಮತ್ತು ನಾರಿನ ಹಲಗೆಗಳು ಬಂದವು. 1953ರಲ್ಲಿ ಸಿನಿಮಾಸ್ಕೋಪ್ ಬಂದಾಗ ತೆರೆಯ ಅಗಲ ಅದರ ಎತ್ತರದ ಎರಡೂವರೆ ಪಟ್ಟಿನಷ್ಟಾಯಿತು. ಹೆಚ್ಚುಕಡಿಮೆ ಚೌಕಾಕಾರದ ತೆರೆಗೆಂದು ರೂಪಿಸಿದ್ದ ವೇದಿಕೆಯ ಕಮಾನನ್ನು ಕೆಲವೆಡೆ ಒಡೆದು ಅಗಲಿಸಿದರು, ಕೆಲವೆಡೆ ಅದರ ಮುಂದೆಯೇ ಹೊಸ ತೆರೆಯನ್ನು ನಿಲ್ಲಿಸಿದರು. ನಮ್ಮ ಕಟ್ಟಡದಲ್ಲಿ ನಡೆದದ್ದು ಎರಡನೆಯದು.

ಊರಿನ ಹಿರಿಯರ ನೆನಪುಗಳನ್ನು ಸಂಗ್ರಹಿಸಿದಾಗ ಬಹುತೇಕ ಎಲ್ಲರೂ ಬಣ್ಣಿಸಿದ್ದು ಈ ಅಗಲ ತೆರೆಯ ಕಾಲವನ್ನೇ. ಅದರ ಹಿಂದೆ ಗಾರೆಯ ಕುಸುರಿಯುಳ್ಳ ಕಮಾನೊಂದು ಇದೆಯೆಂಬುದೇ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಗೋಡೆಗಳು ಕೆಂಪಾಗಿದ್ದವೆಂದು ಅವರು ಖಚಿತವಾಗಿ ಹೇಳುತ್ತಿದ್ದರು. ಬಾಲ್ಕನಿಯ ಕೆಳಗೆ, ಸ್ವಿಚ್ ಬೋರ್ಡಿನ ಹಿಂದೆ ಕೆರೆದು ಬಣ್ಣದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ, ಯಾವ ಪದರದಲ್ಲಿಯೂ ಕೆಂಪು ಸಿಗಲಿಲ್ಲ, ಸಿಕ್ಕಿದ್ದು ಮಾಸಿದ ಹಸಿರು ಮತ್ತು ಕೆನೆಬಣ್ಣ. ಮಂದ ಬೆಳಕಿನಲ್ಲಿ ಕಂಡ ಬಣ್ಣದ ವಿಷಯದಲ್ಲಿ ಯಾರ ಸಾಕ್ಷ್ಯವನ್ನೂ ನಾನೀಗ ನೆಚ್ಚುವುದಿಲ್ಲ. ಆದರೆ ಕಟ್ಟಡವನ್ನು ಹೇಗೆ ಬಳಸುತ್ತಿದ್ದರು ಎಂಬುದರಲ್ಲಿ, ಅಂದರೆ ಸಾಲು ಎಲ್ಲಿ ನಿಲ್ಲುತ್ತಿತ್ತು, ಯಾವ ಬಾಗಿಲಿನಿಂದ ಹೊರಗೆ ಬಿಡುತ್ತಿದ್ದರು, ಎಲ್ಲಿ ಕುಳಿತರೆ ಮಾತು ಕೇಳಿಸುತ್ತಿರಲಿಲ್ಲ ಎಂಬಂಥ ಸಂಗತಿಗಳಲ್ಲಿ, ಅವರ ನೆನಪು ನಕ್ಷೆಗಿಂತ ನಿಖರವಾಗಿತ್ತು.

ಎಲ್ಲರಿಗಿಂತ ಹೆಚ್ಚು ನೆರವಾದವರು ನಿವೃತ್ತ ಪ್ರೊಜೆಕ್ಟರ್ ಆಪರೇಟರ್. ಗುತ್ತಿಗೆದಾರರು ಗುಜರಿಗೆ ಹಾಕಲಿದ್ದ ಪ್ರೊಜೆಕ್ಟರ್ ಕೊಠಡಿಯ ಕಬ್ಬಿಣದ ಕಿಟಕಿ ಮುಚ್ಚಳಗಳು ಏಕಿವೆಯೆಂದು ವಿವರಿಸಿದವರು ಅವರೇ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮಿಗೆ ಬೆಂಕಿ ತಗುಲಿದರೆ ಅದು ನೀರಿನೊಳಗೂ ಉರಿಯುತ್ತಿತ್ತು, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇತ್ತು. ಬೆಂಕಿ ಹೊತ್ತಿದರೆ ಮುಚ್ಚಳಗಳನ್ನು ಎತ್ತಿ ಹಿಡಿದಿದ್ದ ಸರಪಳಿಯ ನಡುವಿನ ಲೋಹದ ಕೊಂಡಿ ಶಾಖಕ್ಕೆ ಕರಗಿ, ಮುಚ್ಚಳಗಳು ತಾವಾಗಿಯೇ ಬಿದ್ದು ಪ್ರೇಕ್ಷಕರನ್ನು ಕೊಠಡಿಯಿಂದ ಬೇರ್ಪಡಿಸುತ್ತಿದ್ದವು. ಪ್ರೊಜೆಕ್ಟರಿನ ಬೆಳಕಿಗಾಗಿ ಉರಿಸುತ್ತಿದ್ದ ಕಾರ್ಬನ್ ಕಡ್ಡಿಗಳ ಹೊಗೆ ಹೊರಹೋಗಲು ಮಾಳಿಗೆಯ ಮೇಲೊಂದು ಕೊಳವೆಯಿತ್ತೆಂದೂ ಅವರು ಹೇಳಿದರು. ಆ ಕಡ್ಡಿಗಳ ಬದಲಿಗೆ ಹೊಗೆಯಿಲ್ಲದ ಕ್ಸೆನಾನ್ ದೀಪ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಕೊಳವೆಯ ಬುಡ ಬಿರಿದು ಇಳಿಯುತ್ತಿದ್ದ ಮಳೆನೀರು ಒಳಚಾವಣಿಯ ಮೇಲೆ ಹರಿದು ಕಮಾನಿನ ಗಾರೆಯನ್ನು ತಿನ್ನುತ್ತಿತ್ತು. ಹಿಂದೆ ಯಾರೋ ಅದಕ್ಕೆ ಸಿಮೆಂಟ್ ಮೆತ್ತಿದ್ದರು. ಸುಣ್ಣದ ಗಾರೆಯಂತೆ ತೇವವನ್ನು ಸುಲಭವಾಗಿ ಹೊರಬಿಡದ ಸಿಮೆಂಟಿನ ಸುತ್ತಲೂ ಉಪ್ಪು ಮೇಲೆದ್ದು ಕುಸುರಿ ಉದುರತೊಡಗಿತ್ತು. ಹೀಗಾಗಿ ಮೊದಲ ಹಣವೆಲ್ಲ ಮಾಳಿಗೆಗೇ ಹೋಯಿತು. (ತೂಗುದೀಪಕ್ಕೆ ಹೆಸರು ಬರೆಸಿ ಕೊಡುವ ದಾನಿಗಳು ಸಿಗುತ್ತಾರೆ, ಮಳೆನೀರಿನ ಕೊಳವೆಗೆ ಸಿಗುವುದಿಲ್ಲ.)

ಉಳಿದದ್ದು ಕಾಲದ ಪ್ರಶ್ನೆ. ಕಟ್ಟಡವನ್ನು ಉದ್ಘಾಟನೆಯ ದಿನಕ್ಕೆ ಮರಳಿಸಿದರೆ, ಬದುಕಿರುವ ಯಾರೂ ಕಾಣದ ಸಭಾಂಗಣವನ್ನು ಕಟ್ಟಿ, ಅವರು ಕಂಡದ್ದನ್ನು ಕೆಡವಿದಂತಾಗುತ್ತಿತ್ತು. ಸ್ಮಾರಕಗಳಿಗೆ ಎಲ್ಲ ಕಾಲಗಳೂ ಸೇರಿಸಿದ ಅರ್ಥಪೂರ್ಣ ಅಂಶಗಳನ್ನು ಗೌರವಿಸಬೇಕೆಂದು ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು ಹೇಳುತ್ತದೆ. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದೂ ಹೇಳುತ್ತದೆ. ಮೊದಲ ಮಾತಿಗೆ ತಕ್ಕಂತೆ ಅಗಲ ತೆರೆಯನ್ನು ತೆಗೆಯದೆ, ಮೇಲೆತ್ತಬಲ್ಲ ಚೌಕಟ್ಟಿಗೆ ಕೂರಿಸಿದೆವು. ಸಭೆ, ಸಂಗೀತಗಳಿದ್ದಾಗ ಕಮಾನು ಕಾಣುತ್ತದೆ, ಸಿನಿಮಾ ಇದ್ದಾಗ ತೆರೆ ಇಳಿಯುತ್ತದೆ. ಎರಡನೆಯ ಮಾತನ್ನು ಪಾಲಿಸುವುದು ಹೆಚ್ಚು ಕಷ್ಟವಾಯಿತು. ನೀರು ತಿಂದ ಭಾಗದ ಕುಸುರಿಗೆ ಹಳೆಯ ಛಾಯಾಚಿತ್ರವೂ ಇರಲಿಲ್ಲ, ಅಚ್ಚು ತೆಗೆಯಲು ಬೇಕಾದಷ್ಟು ಚೂರೂ ಉಳಿದಿರಲಿಲ್ಲ. ಅಲ್ಲಿ ಸಾದಾ ಸುಣ್ಣದ ಗಾರೆ ಬಳಿದು ಬಿಟ್ಟೆವು. ಅದು ಅರ್ಧಕ್ಕೆ ನಿಂತ ಕೆಲಸದಂತೆ ಕಾಣುತ್ತದೆಂದು ದಾನಿಗಳಲ್ಲಿ ಕೆಲವರು ಇಂದಿಗೂ ಆಕ್ಷೇಪಿಸುತ್ತಾರೆ.