ಒಂದು ಮೊಳ ಮಲ್ಲಿಗೆ

ಇವತ್ತು ಸೇಲ್ಸ್ ಟ್ರೈನಿಂಗ್. ಕಸ್ಟಮರ್ 'ಬೇಡ' ಅಂದರೆ ಕೊಡಬೇಕಾದ 14 ಉತ್ತರ ಬರೆದುಕೊಂಡೆ.

ಸಂಜೆ ದೇವರಾಜ ಮಾರುಕಟ್ಟೆಗೆ ಹೋದೆ. ಹೂವಿನಜ್ಜಿ ಬೆಲೆ ಹೇಳಲೇ ಇಲ್ಲ. 'ದೇವರಿಗಾ, ಮುಡಿಯೋಕಾ?' ಅಂದರು. 'ಹೆಂಡತಿಗೆ, ನಾಳೆ ಮದುವೆಗೆ' ಅಂದೆ. ಅರಳಿದ್ದನ್ನು ಪಕ್ಕಕ್ಕೆ ಸರಿಸಿ, ಬಿಗಿ ಮೊಗ್ಗಿನ ಮಲ್ಲಿಗೆ ಅಳೆದರು. ಮೊಳದ ಮೇಲೆ ನಾಲ್ಕು ಬೆರಳು ಜಾಸ್ತಿ. ನಾನು ಚೌಕಾಸಿ ಮಾಡುವುದನ್ನೇ ಮರೆತೆ!

ನಾನು ಮಾರುವುದು ವಾಟರ್ ಪ್ಯೂರಿಫೈಯರ್. ಮನೆಗೆ ಬರುವುದು ಕಾವೇರಿ ನೀರಾ, ಬೋರ್‌ವೆಲ್ಲಾ ಅಂತ ಕೇಳುವ ಮೊದಲೇ ಆರ್‌ಒ (ನೀರಲ್ಲಿ ಕರಗಿದ ಉಪ್ಪು ತೆಗೆಯುವ ಫಿಲ್ಟರ್) ಭಾಷಣ ಶುರು ಮಾಡುತ್ತೇನೆ. ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣಾಂಶ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಬರೀ ಉಪ್ಪಿನಂಶಕ್ಕಾಗಿ ಆರ್‌ಒ ಬೇಕಿಲ್ಲ. ಗೊತ್ತಿದ್ದೂ ಹೇಳಲ್ಲ, ಟಾರ್ಗೆಟ್ ಇದೆಯಲ್ವಾ.

ಸೋಮವಾರ ಕುವೆಂಪುನಗರದಲ್ಲಿ ಡೆಮೊ. ಟಿಡಿಎಸ್ ಮೀಟರಿಗೆ ಹೊಸ ಸೆಲ್ ಹಾಕಿಟ್ಟೆ.