ಗಲಾಟೆಗೆ ಮೊದಲೇ ಕಟ್ಟಿದ ಮನೆ

ಗಣೇಶನ ಹಬ್ಬ ಹತ್ತಿರ ಬಂತು ಅಂದ್ರೆ ನಮ್ಮ ಮೈಸೂರು, ಮಂಡ್ಯ ಕಡೆ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ಶುರುವಾಗುತ್ತದೆ. ಈದ್ ಮಿಲಾದ್ ಕೂಡ ಅದೇ ಆಸುಪಾಸಿನಲ್ಲಿ ಬಂದರೆ ಇನ್ನೂ ಜಾಸ್ತಿ. ನಮ್ಮ ಬೀದಿಯ ಹಿರಿಯರ ಜೊತೆ ನಾನೂ ಹೋಗಿದ್ದೆ. ಒಂದು ಕಡೆಯ ಕುರ್ಚಿಗಳಲ್ಲಿ ಗಣೇಶೋತ್ಸವ ಸಮಿತಿಯವರು, ಇನ್ನೊಂದು ಕಡೆ ಮಸೀದಿ ಕಮಿಟಿಯವರು, ನಡುವೆ ಓಡಾಡುವ ದಾರಿ. ಮೆರವಣಿಗೆ ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಮುಗಿಯಬೇಕು, ಡಿಜೆ ಎಲ್ಲಿ ನಿಲ್ಲಿಸಬೇಕು, ಎಲ್ಲ ಹೇಳಿದರು. ಟೀ, ಬಿಸ್ಕತ್ತು ಬಂತು. ‘ನಮ್ಮಲ್ಲಿ ಏನೂ ತೊಂದ್ರೆ ಇಲ್ಲ ಸಾರ್, ಅಣ್ಣತಮ್ಮಂದಿರ ಥರ ಇದ್ದೀವಿ’ ಅಂತ ಎರಡೂ ಕಡೆಯವರು ಹೇಳಿದರು. ಫೋಟೋ ಆಯಿತು, ಮನೆಗೆ ಹೊರಟರು.

ಆ ಸಭೆ ಬೇಡ ಅಂತ ನಾನು ಹೇಳುವುದಿಲ್ಲ. ಬೇಕೇ ಬೇಕು. ಆದರೆ ಅಲ್ಲಿ ಕೂತವರು ಮತ್ತೆ ಎದುರುಬದುರಾಗುವುದು ಮುಂದಿನ ವರ್ಷದ ಹಬ್ಬಕ್ಕೇ. ಅಲ್ಲಿಯವರೆಗೆ ಅವರು ಸೇರುವುದಕ್ಕೆ ಒಂದು ಜಾಗವೂ ಇಲ್ಲ, ಕಾರಣವೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ವೇಳೆ ಗಲಾಟೆಯಾಗಿ ಅಂಗಡಿಗಳಿಗೆ ಬೆಂಕಿ ಬಿತ್ತು, ನಿಷೇಧಾಜ್ಞೆ ಹಾಕಿದರು. ಮಂಡ್ಯದಲ್ಲಿರುವ ನನ್ನ ತಂಗಿ ಫೋನ್ ಮಾಡಿ, ‘ಅಕ್ಕ, ಅಂಗಡಿ ಕಳ್ಕೊಂಡವರ ಮನೆಗೆ ಈಗ ಯಾರು ಹೋಗ್ತಾರೆ? ಹೋಗೋ ಅಷ್ಟು ಪರಿಚಯ ಯಾರಿಗಿದೆ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆ ಕೇಳಿದಾಗೆಲ್ಲ ನನಗೆ ನೆನಪಾಗುವುದು ಉತ್ತರ ಐರ್ಲೆಂಡಿನ ಕೊರಿಮೀಲಾ. ಅದು ಜಗಳದ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುವ ಒಂದು ಕ್ರೈಸ್ತ ಸಮುದಾಯ. ಬ್ಯಾಲಿಕ್ಯಾಸಲ್ ಅನ್ನುವ ಸಣ್ಣ ಊರಿನ ಪಕ್ಕ, ಸಮುದ್ರದ ಮೇಲಿನ ದಿಬ್ಬದಲ್ಲಿ ಅವರ ಮನೆ. ಎದುರಿಗೆ ರಾಥ್ಲಿನ್ ದ್ವೀಪ. ಮೋಡ ಸರಿದರೆ ಆಚೆಗೆ ಸ್ಕಾಟ್ಲೆಂಡಿನ ದಂಡೆಯೂ ಕಾಣುತ್ತದೆ. ನನ್ನ ತಂಗಿಯ ಮಗಳು ಬೆಲ್‌ಫಾಸ್ಟಿನಲ್ಲಿ ನರ್ಸ್. ನಾನೂ ನಮ್ಮ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವಳು. ಅವಳ ಮನೆಗೆ ಹೋಗಿದ್ದಾಗ, ‘ದೊಡ್ಡಮ್ಮ, ನೀವು ನೋಡಲೇಬೇಕಾದ ಜಾಗ ಒಂದಿದೆ’ ಅಂತ ಅವಳೇ ಕರೆದುಕೊಂಡು ಹೋದಳು.

ಅಲ್ಲಿಯ ಜಗಳ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1921ರಲ್ಲಿ ಐರ್ಲೆಂಡ್ ಇಬ್ಭಾಗವಾಯಿತು. ಉತ್ತರದ ತುಂಡು ಬ್ರಿಟನ್ ಜೊತೆ ಉಳಿಯಿತು. ಅಲ್ಲಿಯ ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರಿಗೆ ಹಾಗೇ ಇರಬೇಕು, ಕ್ಯಾಥೊಲಿಕರಲ್ಲಿ ಹೆಚ್ಚಿನವರಿಗೆ ಐರ್ಲೆಂಡ್ ಸೇರಬೇಕು. ಅದರ ಮೇಲೆ ಕೆಲಸದಲ್ಲಿ, ಸರ್ಕಾರಿ ಮನೆ ಹಂಚುವುದರಲ್ಲಿ, ವೋಟಿನಲ್ಲಿ ಕ್ಯಾಥೊಲಿಕರಿಗೆ ತಾರತಮ್ಯ. 1968ರಲ್ಲಿ ಹಕ್ಕು ಕೇಳಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರ ಲಾಠಿ ಬಿತ್ತು. 1969ರಲ್ಲಿ ಬೀದಿಗೆ ಸೈನ್ಯ ಬಂತು. ಅಲ್ಲಿಂದ 1998ರ ಶಾಂತಿ ಒಪ್ಪಂದದವರೆಗೆ ಬಂದೂಕು, ಬಾಂಬು. ಸತ್ತವರು 3,500ಕ್ಕೂ ಹೆಚ್ಚು. ಆ ನಾಡಿನಲ್ಲಿ ಆಗ ಇದ್ದ ಜನ ಸುಮಾರು 15 ಲಕ್ಷ. ನಮ್ಮ ಮಂಡ್ಯ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಲ್ಲಿ 18 ಲಕ್ಷ ಜನ. ಯೋಚಿಸಿ ನೋಡಿ, ನಮ್ಮ ಒಂದು ಜಿಲ್ಲೆಗಿಂತ ಕಡಿಮೆ ಜನರ ನಡುವೆ ಅಷ್ಟು ಹೆಣ. ಸಾವು ಮುಟ್ಟದ ಬೀದಿಯೇ ಅಪರೂಪ.

ಕೊಂದವರೂ ಸತ್ತವರೂ ಬಹುಪಾಲು ಯೇಸುವಿನ ಹೆಸರು ಹೇಳುವವರೇ. ಕ್ರೈಸ್ತಳಾದ ನನಗೆ ಇದು ಇಂದಿಗೂ ನೋವಿನ ಮಾತು.

ಅಲ್ಲಿ ಹೊಸಬರನ್ನು ‘ಯಾವ ಸ್ಕೂಲಿನಲ್ಲಿ ಓದಿದ್ದು?’ ಅಂತ ಕೇಳುತ್ತಾರಂತೆ. ಸ್ಕೂಲಿನ ಹೆಸರು ಹೇಳಿದರೆ ಸಾಕು, ಯಾವ ಕಡೆಯವರು ಅಂತ ತಿಳಿದುಹೋಗುತ್ತದೆ. ಮಂಡ್ಯ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವೂರು? ಯಾರ ಪೈಕಿ?’ ಅಂತ ಕೇಳುತ್ತಾರಲ್ವಾ, ಅದೂ ಇದಕ್ಕೇ.

ಕೊರಿಮೀಲಾ ಶುರು ಮಾಡಿದವರು ರೇ ಡೇವಿ ಅನ್ನುವ ಪ್ರೆಸ್‌ಬಿಟೇರಿಯನ್ (ಪ್ರೊಟೆಸ್ಟೆಂಟರ ಒಂದು ಪಂಗಡ) ಪಾದ್ರಿ. ಎರಡನೇ ಮಹಾಯುದ್ಧದಲ್ಲಿ ವೈಎಂಸಿಎ ಅನ್ನುವ ಕ್ರೈಸ್ತ ಸಂಸ್ಥೆಯ ಪರವಾಗಿ ಸೈನಿಕರ ಸೇವೆಗೆ ಉತ್ತರ ಆಫ್ರಿಕಾಕ್ಕೆ ಹೋಗಿದ್ದವರು, ಟೊಬ್ರೂಕ್‌ನಲ್ಲಿ ಸೆರೆ ಸಿಕ್ಕರು. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ನಗರದ ಮೇಲೆ ಬಾಂಬ್ ಸುರಿದಾಗ ಆ ಊರಿನ ಹತ್ತಿರದಲ್ಲೇ ಯುದ್ಧಕೈದಿಯಾಗಿದ್ದರು. ಸುರಿದದ್ದು ಅವರದೇ ಪಕ್ಷದ ವಿಮಾನಗಳು. ಸುಟ್ಟುಹೋದ ಆ ಊರನ್ನು ಕಂಡವರು ವಾಪಸ್ ಬಂದು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪಾದ್ರಿಯಾದರು. 1965ರಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಸೇರಿ ಬ್ಯಾಲಿಕ್ಯಾಸಲ್ ಹತ್ತಿರ ಹಳೆಯ ರಜಾ ಕೇಂದ್ರವೊಂದನ್ನು ಕೊಂಡು, ಸ್ವಯಂಸೇವಕರ ಕೈಯಿಂದಲೇ ರಿಪೇರಿ ಮಾಡಿಸಿ ಬಾಗಿಲು ತೆರೆದರು.

1965 ಅನ್ನುವುದನ್ನು ಗಮನಿಸಿ. ಇನ್ನೂ ಗಲಾಟೆ ಶುರುವಾಗಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ನಮ್ಮಲ್ಲಿ ಗಾದೆ ಇದೆ. ಇವರು ಬೆಂಕಿಗೆ ಮೊದಲೇ ತೋಡಿದರು. 1966ರಲ್ಲೇ ಪ್ರೊಟೆಸ್ಟೆಂಟರನ್ನೂ ಕ್ಯಾಥೊಲಿಕರನ್ನೂ ಸೇರಿಸಿ ಸಮ್ಮೇಳನ ಮಾಡಿದರು, ಅಲ್ಲಿಯ ಪ್ರಧಾನಿ ಟೆರೆನ್ಸ್ ಓನೀಲ್ ಅವರೇ ಬಂದು ಮಾತಾಡಿದರು. ಆಮೇಲೆ ಬೆಲ್‌ಫಾಸ್ಟಿನ ಬೀದಿಗಳಲ್ಲಿ ಮನೆಗಳು ಉರಿದಾಗ, ದಿಕ್ಕು ತೋಚದ ಕುಟುಂಬಗಳಿಗೆ ಹೋಗಲು ಒಂದು ಜಾಗ ಇತ್ತು. ಅಡುಗೆಮನೆ ಇತ್ತು, ಹಾಸಿಗೆ ಇತ್ತು, ಎಲ್ಲಕ್ಕಿಂತ ಮುಖ್ಯವಾಗಿ ಆಗಲೇ ಒಬ್ಬರನ್ನೊಬ್ಬರು ಬಲ್ಲ ಜನ ಇದ್ದರು. ಬೇಸಿಗೆ ರಜೆಯಲ್ಲಿ ಎರಡೂ ಕಡೆಯ ಬಡ ಕುಟುಂಬಗಳು ಅಲ್ಲಿ ಬಂದು ಒಟ್ಟಿಗೆ ಉಳಿಯತೊಡಗಿದವು.

ಅಂಥ ರಜೆಗೆ ಹುಡುಗಿಯಾಗಿದ್ದಾಗ ಬಂದಿದ್ದ ಒಬ್ಬ ಹೆಂಗಸು ನನಗೆ ಅಲ್ಲಿ ಸಿಕ್ಕರು. ಊಟ ಆದ ಮೇಲೆ ಪಾತ್ರೆ ತೊಳೆಯುವುದು ಎಲ್ಲರ ಪಾಲಿನ ಕೆಲಸ. ಅವರು ತಟ್ಟೆ ತೊಳೆದು ಕೊಡುತ್ತಿದ್ದರು, ನಾನು ಒರೆಸಿ ಜೋಡಿಸುತ್ತಿದ್ದೆ. ಕೈ ನಿಲ್ಲಿಸದೆ ಹೇಳಿದರು: ಅವರಮ್ಮನಿಗೂ ಇನ್ನೊಂದು ಕಡೆಯ ಒಬ್ಬ ತಾಯಿಗೂ ಇದೇ ಸಿಂಕಿನ ಹತ್ತಿರ ಸ್ನೇಹವಾಯಿತಂತೆ. ಬೆಲ್‌ಫಾಸ್ಟಿಗೆ ವಾಪಸ್ ಹೋದ ಮೇಲೆ ಪೇಟೆಯಲ್ಲಿ ಎದುರಾದರೂ ಇಬ್ಬರೂ ಮಾತಾಡುತ್ತಿರಲಿಲ್ಲವಂತೆ. ಯಾರಾದರೂ ನೋಡಿದರೆ ಮನೆಗೆ ಕಲ್ಲು ಬೀಳುತ್ತದೆ, ಮಕ್ಕಳಿಗೆ ಏಟು ಬೀಳುತ್ತದೆ. ತಲೆ ತಗ್ಗಿಸಿ ಹೋಗಿಬಿಡುವುದು. ಮುಂದಿನ ಬೇಸಿಗೆಗೆ ಮಾತ್ರ ಇಬ್ಬರೂ ತಪ್ಪದೆ ಹೆಸರು ಬರೆಸುತ್ತಿದ್ದರಂತೆ. ‘ವರ್ಷಕ್ಕೆ ಒಂದು ವಾರ ಅಮ್ಮ ಜೋರಾಗಿ ನಗುತ್ತಿದ್ದಳು’ ಅಂದರು ಅವರು. ಆಮೇಲೆ ಇನ್ನೊಂದು ತಟ್ಟೆ ಕೊಟ್ಟರು.

ಇನ್ನೊಬ್ಬ ತಾಯಿಯ ವಿಷಯ ಹೇಳಲೇಬೇಕು. 1975ರಲ್ಲಿ ಅವರ ಹದಿನೆಂಟರ ಮಗ ಭಾನುವಾರದ ಪೂಜೆ ಮುಗಿಸಿ ಚರ್ಚಿನಿಂದ ಹೊರಗೆ ಬರುವಾಗ ಗುಂಡೇಟಿಗೆ ಬಲಿಯಾದ. ಆ ತಾಯಿ ಎರಡೂ ಕಡೆಯಲ್ಲಿ ಹೀಗೆ ಮನೆಯವರನ್ನು ಕಳೆದುಕೊಂಡವರ ಬಾಗಿಲು ತಟ್ಟಿ, ಅವರನ್ನೆಲ್ಲ ಸೇರಿಸಿ ‘ಕ್ರಾಸ್ ಗ್ರೂಪ್’ ಅಂತ ಒಂದು ಬಳಗ ಕಟ್ಟಿದರು. ಕೊರಿಮೀಲಾದ ಒಡನಾಟದಲ್ಲಿ ಬೆಳೆದ ಬಳಗ ಅದು. ಸಾವಿನ ಸುದ್ದಿ ಹೇಳಬೇಕಾದ ಕೆಲಸ ನಾನೂ ಮಾಡಿದ್ದೇನೆ. ಹೆತ್ತವರ ಮುಖ ಹೇಗಾಗುತ್ತದೆ ಅಂತ ಗೊತ್ತು. ಆ ಮುಖ ಹೊತ್ತುಕೊಂಡು ಎದುರು ಪಕ್ಷದ ಮನೆಯ ಬಾಗಿಲು ತಟ್ಟುವುದು ನನ್ನ ಕಲ್ಪನೆಗೆ ಮೀರಿದ ಧೈರ್ಯ. ಕೊರಿಮೀಲಾದ ಪ್ರಾರ್ಥನಾ ಮನೆಯಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ, ನನಗೆ ಅವರೇ ಕಣ್ಣ ಮುಂದೆ ಬಂದರು. ಗಂಟಲು ಕಟ್ಟಿತು.

ಯುದ್ಧ ನಿಲ್ಲಿಸಿದ್ದು ಕೊರಿಮೀಲಾ ಅಂತ ಯಾರೂ ಹೇಳುವುದಿಲ್ಲ. 1998ರಲ್ಲಿ ಸಹಿ ಹಾಕಿದವರು ರಾಜಕಾರಣಿಗಳು. ಬೆಲ್‌ಫಾಸ್ಟಿನಲ್ಲಿ ಎರಡು ಬೀದಿಗಳ ನಡುವೆ ಕಟ್ಟಿದ ಎತ್ತರದ ಗೋಡೆಗಳು ಈಗಲೂ ನಿಂತಿವೆ. ಕೆಲವು ಕಡೆ ರಾತ್ರಿ ಗೇಟು ಹಾಕುತ್ತಾರೆ. ಮಕ್ಕಳು ಹೆಚ್ಚಿನವರು ಇಂದಿಗೂ ಬೇರೆ ಬೇರೆ ಶಾಲೆಗಳಲ್ಲೇ ಓದುತ್ತಾರೆ. ಆದರೂ ಕೊರಿಮೀಲಾದವರ ಒಂದು ಕ್ರಮ ನನಗೆ ತುಂಬ ಹಿಡಿಸಿತು. ದಿಬ್ಬದ ಮನೆಯಲ್ಲಿ ಉಳಿಯುವವರು ಕೆಲವೇ ಜನ. ಉಳಿದ ಸದಸ್ಯರು ತಮ್ಮ ತಮ್ಮ ಊರುಗಳಲ್ಲಿ, ತಮ್ಮ ಮನೆಗಳಲ್ಲೇ ಇರುತ್ತಾರೆ. ಟೀಚರ್‌ಗಳು, ಪಾದ್ರಿಗಳು, ಗೃಹಿಣಿಯರು. ಪ್ರತಿ ವರ್ಷ ತಮ್ಮ ಪ್ರತಿಜ್ಞೆ ನವೀಕರಿಸಿ, ತಮ್ಮ ಬೀದಿಯಲ್ಲೇ ಕೆಲಸ ಮಾಡುತ್ತಾರೆ.

ನಮ್ಮಲ್ಲಿ ಇದು ಎಲ್ಲಿ ಆಗುತ್ತದೆ? ನನಗೆ ಗೊತ್ತಿರುವುದು ಆಸ್ಪತ್ರೆ. 1906ರಲ್ಲಿ ವೆಸ್ಲಿಯನ್ ಮಿಷನ್‌ನವರು ತೆರೆದ ನಮ್ಮ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಹಾಸಿಗೆ ಕೊಡುವುದು ಕಾಯಿಲೆ ನೋಡಿ, ಹೆಸರು ನೋಡಿ ಅಲ್ಲ. ‘ನಮ್ಮತ್ತೇನ ಸ್ವಲ್ಪ ನೋಡ್ಕೊಳ್ಳಿ ಆಪಾ, ಔಷಧಿ ತಗೊಂಡು ಬರ್ತೀನಿ’ ಅಂತ ಪಾಂಡವಪುರದ ಸೊಸೆ ಉದಯಗಿರಿಯ ಹೆಂಗಸಿಗೆ ಹೇಳಿ ಹೋಗುತ್ತಾಳೆ. ಇವರ ಗಂಜಿ ಅವರಿಗೆ, ಅವರ ಫ್ಲಾಸ್ಕಿನ ಟೀ ಇವರಿಗೆ. ಡಿಸ್ಚಾರ್ಜ್ ಆದ ದಿನ ಕಣ್ಣಲ್ಲಿ ನೀರು. ಆಮೇಲೆ ಮತ್ತೆ ಭೇಟಿಯಿಲ್ಲ, ಯಾಕೆಂದರೆ ಭೇಟಿಯಾಗಲು ನೆಪ ಇಲ್ಲ.

ಹಾಗಾಗಿ ನಾನು ಒಂದು ನೆಪ ಮಾಡಿಕೊಂಡೆ. ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ನಮ್ಮ ಮನೆ ಜಗಲಿಯಲ್ಲಿ ಬಿಪಿ, ಶುಗರ್ ನೋಡುತ್ತೇನೆ. ಶಾಂತಿ, ಸೌಹಾರ್ದ ಅಂತ ಬೋರ್ಡು ಹಾಕಿಲ್ಲ. ಎದುರುಬದುರು ಎರಡು ಬೆಂಚು ಬೇಡ ಅಂತ ಒಂದೇ ಉದ್ದನೆಯ ಬೆಂಚು ಹಾಕಿಸಿದ್ದೇನೆ. ಒಬ್ಬರ ಬಿಪಿ ನೋಡಲು ಐದು ನಿಮಿಷವೂ ಬೇಡ. ನಾನು ಬೇಕೆಂದೇ ನಿಧಾನ ಮಾಡುತ್ತೇನೆ. ‘ಸಿಸ್ಟರ್, ಇನ್ನೂ ಎಷ್ಟು ಹೊತ್ತು?’ ಅಂತ ಗೊಣಗುತ್ತಾ ಕಾಯುವಾಗ ಬೆಂಚಿನ ಮೇಲೆ ಮಾತು ಹುಟ್ಟುತ್ತದೆ. ಮೊಣಕಾಲು ನೋವು, ಸೊಸೆಯ ಬಾಣಂತನ, ನಲ್ಲಿ ನೀರು ಬರುವ ಟೈಮು. ಮೆರವಣಿಗೆಯ ದಾರಿಯ ಬಗ್ಗೆಯೂ ಒಂದು ಸಲ ಮಾತು ಬಂತು, ಸ್ವಲ್ಪ ಬಿಸಿಯಾಯಿತು. ಯಾರೂ ಎದ್ದು ಹೋಗಲಿಲ್ಲ, ಶುಗರ್ ನೋಡಿಸಿಕೊಳ್ಳಬೇಕಿತ್ತಲ್ಲ.

ಶುಗರ್ ನೋಡಿಸಿಕೊಂಡ ಮೇಲೆ ತಿನ್ನುವ ಉಪ್ಪಿಟ್ಟು ಒಂದೊಂದು ತಿಂಗಳು ಒಂದೊಂದು ಮನೆಯದು. ಬೇರೆಯವರ ಮನೆಯದು ತಿನ್ನದ ಒಬ್ಬ ಅಜ್ಜಿ ತಮ್ಮ ಡಬ್ಬಿ ತಾವೇ ತರುತ್ತಾರೆ. ಅವರನ್ನು ಯಾರೂ ಒತ್ತಾಯ ಮಾಡುವುದಿಲ್ಲ. ಬೆಂಚಿನ ನಡುವೆಯೇ ಕೂತು ತಿನ್ನುತ್ತಾರೆ.

ಮಂಡಿ ಮೊಹಲ್ಲಾ, ಆಸುಪಾಸಿನವರು ಯಾರು ಬೇಕಾದರೂ ಬನ್ನಿ. ಏಳು ಗಂಟೆಯ ಮೇಲೆ. ಏನೂ ತಿನ್ನದೆ ಬರಬೇಕು, ಕಾಫಿಯೂ ಕುಡಿದಿರಬಾರದು. ಹಳೆಯ ರಿಪೋರ್ಟ್ ಇದ್ದರೆ ತನ್ನಿ. ಈ ಸಲದ ಉಪ್ಪಿಟ್ಟು ಹಿಂದಿನ ಬೀದಿಯ ಆಪಾ ಮನೆಯದು, ಶುಗರ್ ಇರುವವರಿಗಾಗಿ ಗೋಧಿ ರವೆ, ತರಕಾರಿ ಜಾಸ್ತಿ. ಮುಂದಿನ ತಿಂಗಳಿಗೆ ಇನ್ನೂ ಯಾರೂ ಒಪ್ಪಿಕೊಂಡಿಲ್ಲ.