ಕೆರೆ ಏರಿಯ ಮೇಲೆ ಒಂದು ಗಂಟೆ

ಇವತ್ತು ಬೆಳಿಗ್ಗೆ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ. ನನ್ನ ಕೌನ್ಸೆಲರ್ ಜೊತೆ ಇದು ನಾಲ್ಕನೇ ನಡಿಗೆ. ಮೊದಲು ಅವರ ಕೋಣೆಯಲ್ಲೇ ಮಾತಾಡುತ್ತಿದ್ದೆವು. ಎದುರುಬದುರು ಕುರ್ಚಿ, ನಡುವೆ ಟಿಶ್ಯೂ ಡಬ್ಬ. ಅಪ್ಪನ ವಿಷಯ ಬಂದ ತಕ್ಷಣ ನನ್ನ ಗಂಟಲು ಕಟ್ಟುತ್ತಿತ್ತು. "ಹೊರಗೆ ನಡೀತಾ ಮಾತಾಡೋಣ್ವಾ?" ಅಂತ ಕೇಳಿದ್ದು ಅವರೇ.

ಪಕ್ಕಪಕ್ಕ ನಡೆಯುವಾಗ ಯಾರ ಕಣ್ಣನ್ನೂ ನೋಡಬೇಕಿಲ್ಲ, ಅಲ್ವಾ? ನನಗೆ ಅದೇ ದೊಡ್ಡ ಬಿಡುಗಡೆ. ಮಾತು ನಿಂತರೆ ನಿಲ್ಲಲಿ. ನೀರಿದೆ, ಹೆಜ್ಜಾರ್ಲೆ ಹಕ್ಕಿಗಳಿವೆ, ಕಾಲು ಸುಮ್ನೆ ಮುಂದೆ ಹೋಗುತ್ತಿರುತ್ತದೆ. ಅಲ್ಲಿ ಮೌನ ಭಾರ ಅನ್ನಿಸುವುದಿಲ್ಲ.

ಪರಿಚಯದವರು ಎದುರಾದರೆ ಏನು ಮಾಡುವುದು ಅಂತ ಮೊದಲ ದಿನವೇ ಮಾತಾಡಿಕೊಂಡಿದ್ದೆವು. ಕೌನ್ಸೆಲರ್ ತಾವಾಗಿ ಏನೂ ಹೇಳುವುದಿಲ್ಲ. ಹೇಳುವುದು, ಬಿಡುವುದು ನನ್ನಿಷ್ಟ. ಜನ ಜಾಸ್ತಿ ಇರುವ ಕಡೆ ದನಿ ತಗ್ಗಿಸುತ್ತೇವೆ. ಮಳೆ ಬಂದರೆ ಕೋಣೆ. ತುಂಬ ಅಳು ಬರುವ ದಿನವೂ ನಾನು ಕೋಣೆಯನ್ನೇ ಕೇಳುತ್ತೇನೆ.

ನಡೆಯುವಾಗ ಹೊಸ ಯೋಚನೆಗಳು ಹೆಚ್ಚು ಹುಟ್ಟುತ್ತವೆ ಅಂತ 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ತೋರಿಸಿದ್ದರು. ನನಗಂತೂ ಹಳೆಯ ನೆನಪೇ ಹೊಸದಾಗಿ ಕಾಣುತ್ತಿದೆ. ಚಿಕ್ಕವಯಸ್ಸಿನಲ್ಲಿ ಅಪ್ಪ ಸೈಕಲ್ಲಿನಲ್ಲಿ ಇದೇ ಏರಿಗೆ ಕರೆತಂದು ಹಕ್ಕಿಗಳನ್ನು ಎಣಿಸಲು ಹೇಳುತ್ತಿದ್ದರು. ಇವತ್ತು ಒಂದು ಹೆಜ್ಜಾರ್ಲೆ ನೀರಿಗಿಳಿದಾಗ ಅದೆಲ್ಲ ನೆನಪಾಯಿತು. ಅವರು ಹೋಗಿ ಎರಡು ವರ್ಷ. ಮೊದಲ ಸಲ ಗಂಟಲು ಕಟ್ಟದೆ ಅವರ ಬಗ್ಗೆ ಪೂರ್ತಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಕೆರೆಯ ಒಂದು ಸುತ್ತು ಮುಗಿದಿತ್ತು.

ಮುಂದಿನ ಗುರುವಾರ ಮತ್ತೆ ಹೋಗುತ್ತೇವೆ.